ಏರ್ ರೈಫಲ್ ಗ್ರೂಪ್ ಚದುರುತ್ತಿದೆಯಾ? ಸವೆತ ನೋಡುವುದು, ಪೆಲೆಟ್ ಆರಿಸುವುದು ಹೀಗೆ

‘ಗುರಿ ಸರಿಯಾಗೇ ಹಿಡಿದಿದ್ದೆ, ಆದರೂ 9ಕ್ಕೆ ಹೋಯ್ತು. ರೈಫಲ್‌ದೇ ತೊಂದರೆನಾ? ಹೊಸದು ತಗೋಬೇಕಾ?’ ಮೈಸೂರು, ಮಂಡ್ಯ ಕಡೆಯ 10 ಮೀಟರ್ ಶೂಟರ್‌ಗಳು, ಅದಕ್ಕಿಂತ ಜಾಸ್ತಿ ಅವರ ಅಪ್ಪ ಅಮ್ಮಂದಿರು, ನನ್ನನ್ನು ವಾರಕ್ಕೊಮ್ಮೆಯಾದರೂ ಕೇಳುವ ಪ್ರಶ್ನೆ ಇದು. ಪ್ರತಿಯೊಬ್ಬರಿಗೂ ಫೋನಿನಲ್ಲಿ ಅರ್ಧರ್ಧ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಪೆಲೆಟ್ ಅಂದರೆ ಏರ್ ರೈಫಲ್‌ನ ಸೀಸದ ಸಣ್ಣ ಗುಂಡು. ಒಂದೇ ಗುರಿಗೆ ಹೊಡೆದ ಪೆಲೆಟ್‌ಗಳ ತೂತುಗಳ ಗುಂಪೇ ಗ್ರೂಪ್.

ಮೊದಲೇ ಹೇಳಿಬಿಡುತ್ತೇನೆ. ಹೊಸ ಮ್ಯಾಚ್ ರೈಫಲ್‌ಗೆ, ಅಂದರೆ ಸ್ಪರ್ಧೆಯ ರೈಫಲ್‌ಗೆ, ಲಕ್ಷಗಟ್ಟಲೆ ಸುರಿಯುವ ಮೊದಲು ಒಂದು ಭಾನುವಾರ ಇದಕ್ಕೆ ಕೊಡಿ. ನನ್ನ ಕೈಗೆ ಬಂದ ‘ಕೆಟ್ಟ ರೈಫಲ್’ಗಳಲ್ಲಿ ಬ್ಯಾರೆಲ್ ನಿಜವಾಗಿ ಕೆಟ್ಟಿದ್ದು ತೀರ ಕಡಿಮೆ. ಸಡಿಲವಾದ ಸ್ಕ್ರೂ, ಸವೆದ ರಬ್ಬರ್ ರಿಂಗು, ನಜ್ಜಾದ ಪೆಲೆಟ್: ಹೆಚ್ಚಿನ ಸಲ ಇವುಗಳದ್ದೇ ಕಿತಾಪತಿ.

ಎಷ್ಟು ಚದುರಿದರೆ ಜಾಸ್ತಿ?

ಲೆಕ್ಕ ಗೊತ್ತಿಲ್ಲದೆ ರಿಪೇರಿಗೆ ಕೂರಬೇಡಿ. 10 ಮೀಟರ್ ಟಾರ್ಗೆಟ್‌ನ ನಡುವಿನ ಚುಕ್ಕಿ ಬರೀ 0.5 ಮಿ.ಮೀ. ಪೆಲೆಟ್‌ನ ದಪ್ಪ 4.5 ಮಿ.ಮೀ. ಪೆಲೆಟ್‌ನ ಅಂಚು ಆ ಚುಕ್ಕಿಗೆ ತಾಗಿದರೂ 10 ಸಿಗುತ್ತದೆ. ಅಂದರೆ ಪೆಲೆಟ್‌ನ ನಡು ಟಾರ್ಗೆಟ್‌ನ ನಡುವಿನಿಂದ 2.5 ಮಿ.ಮೀ. ಒಳಗೆ ಬಿದ್ದರೆ 10.0. ಅಲ್ಲಿಂದ ಒಳಕ್ಕೆ ಪ್ರತಿ 0.25 ಮಿ.ಮೀ.ಗೆ 0.1 ಏರುತ್ತದೆ. 10.9 ಬೇಕು ಅಂದರೆ ನಡುವಿನಿಂದ ಕಾಲು ಮಿಲಿಮೀಟರ್ ಒಳಗೇ ಬೀಳಬೇಕು.

ನಿಮ್ಮ ರೈಫಲ್ ಮತ್ತು ಪೆಲೆಟ್ ಜೋಡಿ ತಾನಾಗಿಯೇ 4 ಮಿ.ಮೀ. ಚದುರುತ್ತಿದೆ ಅಂದುಕೊಳ್ಳಿ. ಅಂದರೆ ನಡುವಿನಿಂದ ಸುತ್ತಲೂ 2 ಮಿ.ಮೀ. ನೀವು ಕಲ್ಲಿನ ಹಾಗೆ ನಿಂತು ಹೊಡೆದರೂ ಕೆಲವು 10.2ಕ್ಕೇ ನಿಲ್ಲುತ್ತವೆ. ಅದೇ ಕಡೆಗೆ ನಿಮ್ಮ ಕೈ ಒಂದು ಮಿ.ಮೀ. ಸರಿಯಿತೋ, 9.8. ಕೈ ತಪ್ಪಿದ್ದು ಒಂದೇ ಮಿಲಿಮೀಟರ್, ಕಳೆದುಕೊಂಡಿದ್ದು ಒಂದು ಪೂರ್ತಿ ಪಾಯಿಂಟ್‌ಗಿಂತ ಜಾಸ್ತಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಇದೇ 10 ಮೀಟರ್ ಏರ್ ರೈಫಲ್‌ನಲ್ಲಿ ಚಿನ್ನ ಗೆದ್ದಾಗ ಅವರ ಮೊತ್ತ 700.5, ಎರಡನೆಯವರದ್ದು 699.7. ಅಂತರ 0.8. ಈ ಆಟದಲ್ಲಿ ಇಷ್ಟು ಸಣ್ಣದಕ್ಕೂ ಬೆಲೆ ಇದೆ.

ಮದ್ದು ತುಂಬುವ ವಿಡಿಯೋ ನೋಡಿದವರಿಗೆ

ಹೊರದೇಶದವರು ಖಾಲಿ ಹಿತ್ತಾಳೆ ಕೇಸ್‌ಗೆ ಮತ್ತೆ ಮದ್ದು ತುಂಬಿ, ಬುಲೆಟ್ ಕೂರಿಸುವುದನ್ನು ನೋಡಿ ‘ನಾವೂ ಮಾಡಬಹುದಾ?’ ಅಂತ ಕೇಳುವವರಿದ್ದಾರೆ. ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ನಮ್ಮಲ್ಲಿ ಜಾಸ್ತಿ ಬಳಸುವ .22 ತೋಟಾದಲ್ಲಿ ಕಿಡಿ ಹೊತ್ತಿಸುವ ಮದ್ದು ಅಂಚಿನ ಒಳಗೇ ಇರುತ್ತದೆ. ಒಮ್ಮೆ ಪಿನ್ ಬಡಿದು ಅಂಚು ನಜ್ಜಾದ ಮೇಲೆ ಅದನ್ನು ಮತ್ತೆ ತುಂಬಲು ಬರುವುದಿಲ್ಲ.

ಆದರೆ ಅವರು ಅಷ್ಟು ಶ್ರದ್ಧೆಯಿಂದ ಹುಡುಕುವ ಎರಡು ವಿಷಯ ನಮಗೂ ಬೇಕು. ಒಂದು, ಗಾಳಿಯನ್ನು ಹಿಡಿದಿಡುವ ಭಾಗ ಸವೆದಿದೆಯಾ? ಎರಡು, ಪೆಲೆಟ್ ಮತ್ತು ಬ್ಯಾರೆಲ್‌ನ ನಡು ಒಂದೇ ಗೆರೆಯಲ್ಲಿ ಕೂರುತ್ತಿದೆಯಾ? ಮೊಳೆ ನಡುವಿಗೆ ಕೂರದ ಬುಗುರಿಯನ್ನು ಆಡಿಸಿದ್ದೀರಿ ಅಲ್ವಾ? ನೆಟ್ಟಗೆ ನಿಲ್ಲದೆ ತೂರಾಡುತ್ತದೆ. ಬ್ಯಾರೆಲ್‌ನಿಂದ ಗಿರಗಿರ ತಿರುಗುತ್ತಾ ಬರುವ ಪೆಲೆಟ್‌ನ ಕಥೆಯೂ ಅಷ್ಟೇ. ಲೇತ್ ಅಂಗಡಿಯವರು ‘ಸೆಂಟರ್ ಔಟ್’ ಅನ್ನುತ್ತಾರಲ್ಲ, ಅದೇ ಇದು.

ಬೇಕಾಗುವ ಸಾಮಾನು

ನಿಮ್ಮ ಮಾಡೆಲ್‌ಗೆ ಹೊಂದುವ ಓ ರಿಂಗ್ (ರಬ್ಬರ್ ಬಳೆ) ಸೆಟ್, ಸಿಲಿಕೋನ್ ಗ್ರೀಸ್, ಅಲೆನ್ ಕೀ (ಸಾಧ್ಯವಾದರೆ ಟಾರ್ಕ್ ವ್ರೆಂಚ್, ಅಂದರೆ ಎಷ್ಟು ಬಿಗಿಯಾಯಿತು ಅಂತ ತೋರಿಸುವ ಕೀ), ಬ್ಯಾರೆಲ್ ಒರೆಸುವ ಫೆಲ್ಟ್ ಪೆಲೆಟ್, ಬ್ಯಾರೆಲ್‌ಗಿಂತ ತೆಳ್ಳಗಿರುವ ಪ್ಲಾಸ್ಟಿಕ್ ಹೊದಿಕೆಯ ಕಡ್ಡಿ, ಒಂದು ಭೂತಗನ್ನಡಿ, ಟಾರ್ಚ್, ಹತ್ತಿ, ಅಂಗೈ ಅಗಲದ ಗಾಜಿನ ತುಂಡು, ಸಣ್ಣ ಅಳತೆ ನೋಡುವ ವರ್ನಿಯರ್ ಕ್ಯಾಲಿಪರ್, 20–30 ಟಾರ್ಗೆಟ್ ಕಾರ್ಡ್. ಜೊತೆಗೆ ರೈಫಲ್ ಅಲುಗಾಡದಂತೆ ಹಿಡಿಯುವ ವೈಸ್ ಬೇಕು. ನಿಮ್ಮ ರೇಂಜ್‌ನಲ್ಲಿ ಟೆಸ್ಟಿಂಗ್ ವೈಸ್ ಇದ್ದರೆ ಅದನ್ನೇ ಕೇಳಿ. ಇಲ್ಲದಿದ್ದರೆ ಗಟ್ಟಿ ಮೇಜಿನ ಮೇಲೆ ಮುಂದೊಂದು, ಹಿಂದೊಂದು ಮರಳಿನ ಚೀಲವಿಟ್ಟು ಕೆಲಸ ನಡೆಸಬಹುದು. ಹೋಲಿಸಿ ನೋಡಲು ಅದು ಸಾಕು.

ಹಂತ 1: ಸಿಲಿಂಡರ್ ಬಿಚ್ಚಿ, ಖಾಲಿ ಇದೆ ಅಂತ ಕಣ್ಣಾರೆ ನೋಡಿ

ಇದು ಇಲ್ಲದೆ ಮುಂದಿನ ಯಾವುದೂ ಇಲ್ಲ. ರೈಫಲ್ ಬಾಯಿ ಟಾರ್ಗೆಟ್ ಕಡೆಗೆ ಇರಲಿ. ಬ್ರೀಚ್ ತೆರೆಯಿರಿ. ಬ್ರೀಚ್ ಅಂದರೆ ಪೆಲೆಟ್ ಇಡುವ ಬಾಗಿಲು. ಒಳಗೆ ಪೆಲೆಟ್ ಇಲ್ಲ ಅಂತ ನೋಡಿ. ಒತ್ತಿದ ಗಾಳಿ ತುಂಬಿರುವ ಸಿಲಿಂಡರ್ ಬಿಚ್ಚಿ ಪಕ್ಕಕ್ಕಿಡಿ. ಒಳಗೆ ಉಳಿದಿರಬಹುದಾದ ಗಾಳಿಯನ್ನು ಟಾರ್ಗೆಟ್ ಕಡೆಗೇ ಟ್ರಿಗರ್ ಒತ್ತಿ ಹೊರಬಿಡಿ. ಆಮೇಲೆ ಬ್ಯಾರೆಲ್‌ಗೆ ಕಿತ್ತಳೆ ಬಣ್ಣದ ಸೇಫ್ಟಿ ದಾರ ತೂರಿಸಿ. ‘ಈಗ ತಾನೇ ನೋಡಿದೆ’ ಅಂತ ಯಾರೇ ಹೇಳಿದರೂ ನೀವೇ ಇನ್ನೊಮ್ಮೆ ನೋಡಿ.

ಇದೇ ಹೊತ್ತಿಗೆ ಸ್ಟಾಕ್‌ನ (ಹೆಗಲಿಗೆ ಆನಿಸುವ ಚೌಕಟ್ಟು) ಸ್ಕ್ರೂ, ಹಿಂದಿನ ಸೈಟ್‌ನ (ಗುರಿ ನೋಡುವ ಭಾಗ) ಸ್ಕ್ರೂ, ಮುಂದಿನ ಸೈಟ್‌ನ ಸುರಂಗ ಎಲ್ಲವನ್ನೂ ಮುಟ್ಟಿ ನೋಡಿ. ಎಷ್ಟು ಬಿಗಿ ಮಾಡಬೇಕು ಅನ್ನುವುದು ನಿಮ್ಮ ರೈಫಲ್‌ನ ಕೈಪಿಡಿಯಲ್ಲಿದೆ. ಬಲವೆಲ್ಲ ಹಾಕಿ ತಿರುಗಿಸಬೇಡಿ. ಅಲ್ಯುಮಿನಿಯಂ ಸ್ಟಾಕ್‌ನಲ್ಲಿ ಸ್ಕ್ರೂ ಕೂರುವ ಥ್ರೆಡ್ ಒಮ್ಮೆ ಹೋದರೆ ಹೋಯ್ತು.

ಹಂತ 2: ಏನನ್ನೂ ಬದಲಿಸದೆ ಮೊದಲ ಗ್ರೂಪ್ ತೆಗೆಯಿರಿ

ತುಂಬಾ ಜನ ಎಡವುವುದು ಇಲ್ಲೇ. ಒಂದೇ ದಿನ ಬ್ಯಾರೆಲ್ ತೊಳೆದು, ಓ ರಿಂಗ್ ಬದಲಿಸಿ, ಹೊಸ ಡಬ್ಬಿ ತೆರೆದು ಹೊಡೆಯುತ್ತಾರೆ. ಗ್ರೂಪ್ ಸರಿ ಹೋಗುತ್ತದೆ, ಯಾವುದರಿಂದ ಸರಿ ಹೋಯ್ತು ಅನ್ನುವುದು ಗೊತ್ತಾಗುವುದಿಲ್ಲ. ಮುಂದಿನ ಸಲ ಹಾಳಾದಾಗ ಮತ್ತೆ ಮೊದಲಿನಿಂದ ಶುರು.

ಸೇಫ್ಟಿ ದಾರ ತೆಗೆದು, ಸಿಲಿಂಡರ್ ಮತ್ತೆ ಜೋಡಿಸಿ, ರೈಫಲ್ ಈಗ ಹೇಗಿದೆಯೋ ಹಾಗೇ ವೈಸ್‌ಗೆ ಕೂರಿಸಿ. ಈಗ ಬಳಸುತ್ತಿರುವ ಪೆಲೆಟ್‌ನಿಂದಲೇ 10 ಹೊಡೆತದ ಮೂರು ಗ್ರೂಪ್ ತೆಗೆಯಿರಿ. ಕಾರ್ಡ್ ಹಿಂದೆ ದಪ್ಪ ರಟ್ಟು ಇರಲಿ, ಫ್ಯಾನ್ ಆಫ್ ಇರಲಿ. ಕಾರ್ಡ್ ಪಟಪಟ ಅಂದರೆ ನೀವು ಅಳೆಯುವುದು ಫ್ಯಾನಿನ ಗಾಳಿಯನ್ನು, ರೈಫಲ್ ಅನ್ನಲ್ಲ.

ಅಳೆಯುವುದು ಹೀಗೆ. ಬೇರೆ ಕಾರ್ಡ್‌ಗೆ ಒಂದೇ ಪೆಲೆಟ್ ಹೊಡೆದು ಆ ತೂತಿನ ಅಗಲವನ್ನು ಕ್ಯಾಲಿಪರ್‌ನಲ್ಲಿ ನೋಡಿ. ಕಾಗದ ಹರಿದು ಒಳಗೆ ಸರಿಯುವುದರಿಂದ ಅದು ಪೂರ್ತಿ 4.5 ಇರುವುದಿಲ್ಲ. ಆಮೇಲೆ ಗ್ರೂಪಿನ ಹೊರ ಅಂಚಿನಿಂದ ಹೊರ ಅಂಚಿಗೆ, ಅತಿ ದೂರದ ಎರಡು ತುದಿಗಳ ನಡುವೆ ಅಳೆಯಿರಿ. ಅದರಲ್ಲಿ ಒಂಟಿ ತೂತಿನ ಅಗಲ ಕಳೆಯಿರಿ. ಉಳಿದಿದ್ದೇ ನಿಮ್ಮ ನಿಜವಾದ ಚದುರು. ಮೂರು ಗ್ರೂಪಿನ ಸರಾಸರಿಯನ್ನು ಪುಸ್ತಕದಲ್ಲಿ ಬರೆದಿಡಿ. ಮೂರರಲ್ಲಿ ಚೆಂದದ್ದೊಂದನ್ನು ಆರಿಸಿ ಬರೆಯಬೇಡಿ, ಅದು ನಿಮಗೆ ನೀವೇ ಹೇಳಿಕೊಳ್ಳುವ ಸುಳ್ಳು.

ಗ್ರೂಪಿನ ಆಕಾರವನ್ನೂ ನೋಡಿ. ಸಾಮಾನ್ಯವಾಗಿ ಮೇಲೆ ಕೆಳಗೆ ಉದ್ದವಾಗಿದ್ದರೆ ವೇಗ ಏರುಪೇರಾಗುತ್ತಿದೆ, ಅಂದರೆ ಗಾಳಿಯ ಕಡೆ ತೊಂದರೆ. ಎರಡು ಬೇರೆ ಬೇರೆ ಗುಂಪಾಗಿದ್ದರೆ ಯಾವುದೋ ಸಡಿಲವಾಗಿ ಎರಡು ಜಾಗದಲ್ಲಿ ಕೂರುತ್ತಿದೆ. ಸುತ್ತಲೂ ಸಮನಾಗಿ ಹರಡಿದ್ದರೆ ಪೆಲೆಟ್ ಅಥವಾ ಬ್ಯಾರೆಲ್ ಮೇಲೆ ಅನುಮಾನ ಪಡಿ.

ಹಂತ 3: ಗಾಳಿ ಎಲ್ಲಿ ಸೋರುತ್ತಿದೆ?

ಮ್ಯಾಚ್ ರೈಫಲ್‌ನಲ್ಲಿ ಅತಿ ಬೇಗ ಸವೆಯುವುದು ಬ್ರೀಚ್‌ನ ಸೀಲ್. ಸೀಲ್ ಅಂದರೆ ಪೆಲೆಟ್ ಹಿಂದೆ ಗಾಳಿ ಆಚೀಚೆ ನುಸುಳದಂತೆ ತಡೆಯುವ ಸಣ್ಣ ರಬ್ಬರ್ ಬಳೆ, ಓ ರಿಂಗ್. ದಿನಕ್ಕೆ 100 ಪೆಲೆಟ್ ಹೊಡೆಯುವ ಮಗುವಿನ ರೈಫಲ್‌ನಲ್ಲಿ ಅದು ತಿಂಗಳಿಗೆ ಎಷ್ಟು ಸಾವಿರ ಸಲ ಒತ್ತಿ ಬಿಡುತ್ತದೆ ಅಂತ ಲೆಕ್ಕ ಹಾಕಿ.

ಟಾರ್ಚ್ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಒಳ್ಳೆಯ ರಿಂಗ್ ದುಂಡಗೆ, ಸ್ವಲ್ಪ ಹೊಳಪಾಗಿ ಇರುತ್ತದೆ. ಸವೆದಿದ್ದು ಒಂದು ಕಡೆ ಚಪ್ಪಟೆಯಾಗಿ ಮಂಕಾಗಿರುತ್ತದೆ. ಸೀಸದ ಬೂದು ಪುಡಿ ಅಂಟಿದ್ದರೆ ಒರೆಸಿ ಮತ್ತೆ ನೋಡಿ. ಕೆಲವೊಮ್ಮೆ ಆ ಪುಡಿಯ ಕೆಳಗೆ ಕೂದಲೆಳೆಯಂಥ ಸೀಳು ಇರುತ್ತದೆ, ಒರೆಸದೆ ಕಾಣುವುದೇ ಇಲ್ಲ.

ಸುಲಭದ ಪರೀಕ್ಷೆ ಒಂದಿದೆ. ಟಿಶ್ಯೂ ಪೇಪರಿನ ಒಂದು ಪದರವನ್ನು ಬೆರಳಗಲ ಹರಿದು, ಮುಚ್ಚಿದ ಬ್ರೀಚ್‌ನ ಸಂದಿನ ಮೇಲೆ ಇಡಿ. ರೈಫಲ್ ವೈಸ್‌ನಲ್ಲಿರಲಿ, ಮುಖ ದೂರ ಇರಲಿ, ಕಣ್ಣಿಗೆ ಕನ್ನಡಕ ಇರಲಿ. ಪೆಲೆಟ್ ಹಾಕಿ ಟಾರ್ಗೆಟ್‌ಗೆ ಹೊಡೆಯಿರಿ. ಟಿಶ್ಯೂ ಎಗರಿದರೆ ಗಾಳಿ ಸೋರುತ್ತಿದೆ. ನಾಲ್ಕೈದು ಸಲ ಮಾಡಿ ನೋಡಿ.

ಸೋರಿದರೆ ಎಷ್ಟು ನಷ್ಟ? ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮುಂದೆ ತೂಕದ ವಿಷಯ ಬಂದಾಗಲೂ ಇದೇ ಲೆಕ್ಕ ಬೇಕು. ಮ್ಯಾಚ್ ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೋಗುತ್ತದೆ. 10 ಮೀಟರ್ ದಾಟಲು ಹತ್ತಿರಹತ್ತಿರ 0.06 ಸೆಕೆಂಡ್. ಅಷ್ಟರಲ್ಲಿ ಅದು ನೆಲದ ಕಡೆಗೆ 17–18 ಮಿ.ಮೀ. ಇಳಿಯುತ್ತದೆ. ಈ ಇಳಿತವನ್ನು ಸೈಟ್ ಸರಿದೂಗಿಸಿರುತ್ತದೆ, ಹಾಗಾಗಿ ನಮಗೆ ಗೊತ್ತಾಗುವುದಿಲ್ಲ. ಆದರೆ ಒಂದು ಹೊಡೆತಕ್ಕೂ ಇನ್ನೊಂದಕ್ಕೂ ವೇಗದಲ್ಲಿ 3 ಮೀಟರ್ ವ್ಯತ್ಯಾಸ ಬಂದರೆ ಇಳಿತ ಸುಮಾರು 0.6 ಮಿ.ಮೀ. ಬದಲಾಗುತ್ತದೆ. ಅದು 0.2 ಪಾಯಿಂಟ್‌ಗಿಂತ ಜಾಸ್ತಿ, ನಿಮ್ಮ ಕೈ ಒಂದಿಷ್ಟೂ ಅಲುಗದೆ! ಕ್ರೋನೋಗ್ರಾಫ್, ಅಂದರೆ ವೇಗ ಅಳೆಯುವ ಯಂತ್ರ ಸಿಕ್ಕರೆ 10 ಹೊಡೆತದ ಅತಿ ಜಾಸ್ತಿ, ಅತಿ ಕಡಿಮೆ ವೇಗದ ಅಂತರ ನೋಡಿ. ಅದು 3 ಮೀಟರ್ ದಾಟಿದರೆ ನಾನು ಸೀಲ್ ಬಿಚ್ಚುತ್ತೇನೆ.

ಓ ರಿಂಗ್ ಬದಲಿಸುವಾಗ ಒಂದು ಎಚ್ಚರಿಕೆ. ಒಮ್ಮೆ ಸ್ಪರ್ಧೆಗೆ ಎರಡು ದಿನ ಇದ್ದಾಗ ಅಸಲಿ ರಿಂಗ್ ಸಿಗದೆ, ಪಂಪ್‌ಸೆಟ್ ಸಾಮಾನಿನ ಅಂಗಡಿಯಲ್ಲಿ ‘ಹೆಚ್ಚೂ ಕಡಿಮೆ ಅದೇ ಸೈಜ್’ ತಂದು ಹಾಕಿದ್ದೆ. ಬ್ರೀಚ್ ಸಲೀಸಾಗಿ ಮುಚ್ಚಿತು, ಟಿಶ್ಯೂ ಅಲುಗಲೂ ಇಲ್ಲ. 40ನೇ ಹೊಡೆತದ ಹೊತ್ತಿಗೆ ರಿಂಗ್ ಉಬ್ಬಿ ಹರಿದಿತ್ತು. ರಬ್ಬರಿನ ಜಾತಿ, ಗಡಸುತನ ಬೇರೆ ಇದ್ದರೆ ಅಳತೆ ಒಂದೇ ಇದ್ದೂ ಪ್ರಯೋಜನವಿಲ್ಲ. ನಿಮ್ಮ ಮಾಡೆಲ್‌ನ ರಿಂಗ್‌ಗಳನ್ನು ಮೊದಲೇ ನಾಲ್ಕೈದು ತರಿಸಿಟ್ಟುಕೊಳ್ಳಿ. ತೆಗೆಯಲು ಸೂಜಿ, ಪಿನ್ನು ಬೇಡ, ರಿಂಗ್ ಕೂರುವ ತೋಡು ಗೀಚಿಹೋಗುತ್ತದೆ. ಹಲ್ಲುಕಡ್ಡಿ ಸಾಕು. ಹೊಸ ರಿಂಗ್‌ಗೆ ಸಿಲಿಕೋನ್ ಗ್ರೀಸ್ ಬೆರಳ ತುದಿಯಲ್ಲಿ ಸವರಿದಷ್ಟು ಹಚ್ಚಿ.

ಇನ್ನು ಸಿಲಿಂಡರ್. ಇದರಲ್ಲಿ ರಾಜಿ ಬೇಡವೇ ಬೇಡ. ಒಳಗೆ 200 ಬಾರ್ ಒತ್ತಡ ಇರುತ್ತದೆ. ಕಾರಿನ ಟೈರಿನಲ್ಲಿರುವುದು ಎರಡು ಬಾರ್ ಚಿಲ್ಲರೆ. ಸಿಲಿಂಡರ್ ಮೇಲೆ ತಯಾರಾದ ತಿಂಗಳು, ವರ್ಷ ಕೆತ್ತಿರುತ್ತದೆ. ಹೆಚ್ಚಿನ ಮ್ಯಾಚ್ ರೈಫಲ್ ತಯಾರಕರು 10 ವರ್ಷದ ಅವಧಿ ಕೊಡುತ್ತಾರೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಜನ ಬ್ಯಾರೆಲ್ ನೋಡುತ್ತಾರೆ, ಈ ತಾರೀಕು ನೋಡುವುದೇ ಇಲ್ಲ. ಅವಧಿ ಮುಗಿದ ಸಿಲಿಂಡರ್‌ನೊಂದಿಗೆ ಸ್ಪರ್ಧೆಯ ನಿಯಮದ ಪ್ರಕಾರ ಇಳಿಯುವಂತಿಲ್ಲ, ಅದನ್ನು ಬದಲಿಸುವ ಜವಾಬ್ದಾರಿ ಶೂಟರ್‌ನದ್ದೇ. ಉಬ್ಬು, ಆಳದ ಗೀರು, ತುಕ್ಕು ಕಂಡರೆ ಅವಧಿ ಇದ್ದರೂ ಬಳಸಬೇಡಿ.

ತುಂಬುವುದು ಒಣಗಾಳಿ ಮಾತ್ರ. ಆಕ್ಸಿಜನ್ ಸಿಲಿಂಡರ್‌ನಿಂದ ಎಂದೂ ತುಂಬಬೇಡಿ. ಎಣ್ಣೆಯ ಪಸೆ ಒಂದು ಹನಿ ಇದ್ದರೂ ಸಾಕು, ಒತ್ತಡದ ಆಕ್ಸಿಜನ್ ತಾಗಿದರೆ ಸಿಡಿಯಬಹುದು. ಕೈಪಂಪ್ ಬಳಸುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಷಾರಾಗಿರಿ. ನಮ್ಮ ಮಳೆಗಾಲದ ಗಾಳಿಯ ತೇವ ಒಳಗೇ ನೀರಾಗಿ ನಿಲ್ಲುತ್ತದೆ. ನಡುನಡುವೆ ನಿಲ್ಲಿಸಿ, ಪಂಪ್ ಆರಲು ಬಿಟ್ಟು, ಬ್ಲೀಡ್ ಸ್ಕ್ರೂ ತೆರೆದು ನೀರು ಹೊರಗೆ ಬಿಡಿ. ಹಾಗೇ ಏಪ್ರಿಲ್ ಬಿಸಿಲಲ್ಲಿ ಮಂಡ್ಯದ ರಸ್ತೆ ಬದಿ ನಿಲ್ಲಿಸಿದ ಕಾರಿನೊಳಗೆ ತುಂಬಿದ ಸಿಲಿಂಡರ್ ಬಿಟ್ಟು ಊಟಕ್ಕೆ ಹೋಗಬೇಡಿ, ಕಾದಂತೆ ಒತ್ತಡ ಏರುತ್ತದೆ.

ಎಣ್ಣೆ ಅಂದಾಗ ಇನ್ನೊಂದು ನೆನಪಾಯಿತು. ಕೊಬ್ಬರಿ ಎಣ್ಣೆ, ಹೊಲಿಗೆ ಮಷೀನ್ ಎಣ್ಣೆ ಸೀಲ್‌ಗೂ ಬೇಡ, ಪೆಲೆಟ್‌ಗೂ ಬೇಡ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯಲ್ಲೇ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಗ್ಗೆ ಮೈಸೂರಿನಲ್ಲಿ ಬಚ್ಚಲುಮನೆಯ ಬಾಟಲಿ ನೋಡಿದವರಿಗೆ ಇದು ಗೊತ್ತು. ವಾಲ್ವ್‌ನಲ್ಲೂ ಅದೇ ಆಗುತ್ತದೆ.

ಹಂತ 4: ಬ್ಯಾರೆಲ್‌ನ ಬಾಯಿ ಮತ್ತು ಒಳಗು

ಸಿಲಿಂಡರ್ ಮತ್ತೆ ಬಿಚ್ಚಿ, ಬ್ರೀಚ್ ಖಾಲಿ ಅಂತ ಮತ್ತೆ ನೋಡಿ.

ಪೆಲೆಟ್ ಕೊನೆಗೆ ಮುಟ್ಟುವ ಜಾಗ ಬ್ಯಾರೆಲ್‌ನ ಬಾಯಿ. ಇದಕ್ಕೆ ಕ್ರೌನ್ ಅನ್ನುತ್ತಾರೆ. ಅಲ್ಲಿ ಕೂದಲೆಳೆಯಷ್ಟು ಚಿಪ್ಪು ಎದ್ದಿದ್ದರೂ ಗಾಳಿ ಒಂದು ಕಡೆ ಮೊದಲು ನುಗ್ಗಿ ಪೆಲೆಟ್‌ನ ಬಾಲವನ್ನು ತಳ್ಳುತ್ತದೆ. ಸ್ವಲ್ಪ ಹತ್ತಿಯನ್ನು ಬತ್ತಿಯ ಹಾಗೆ ಹೊಸೆದು, ಬ್ಯಾರೆಲ್ ಬಾಯಿಯ ಒಳ ಅಂಚಿನ ಸುತ್ತ ಮೆಲ್ಲಗೆ ಎಳೆಯಿರಿ. ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಪೆಟ್ಟು ಬಿದ್ದಿದೆ. ಇದನ್ನು ನೀವೇ ಅರ ಹಾಕಿ ಸರಿ ಮಾಡಲು ಹೋಗಬೇಡಿ. ಲೇತ್ ಮತ್ತು ಬ್ಯಾರೆಲ್ ಎರಡೂ ಚೆನ್ನಾಗಿ ಬಲ್ಲವರು ಮಾಡುವ ಕೆಲಸ ಅದು.

ಒಳಗನ್ನು ಒರೆಸಲು ಫೆಲ್ಟ್ ಪೆಲೆಟ್. ಬ್ರೀಚ್ ಕಡೆಯಿಂದ ಕಡ್ಡಿಯಲ್ಲಿ ತಳ್ಳಿ ಬಾಯಿಂದ ಹೊರತೆಗೆಯಿರಿ, ಒಂದೇ ದಿಕ್ಕಿನಲ್ಲಿ. ಕಪ್ಪು ಬರುವುದು ನಿಲ್ಲುವ ತನಕ ಮೂರೋ ನಾಲ್ಕೋ ಸಾಕು. ಹಿತ್ತಾಳೆ, ಸ್ಟೀಲ್ ಬ್ರಷ್ ಬೇಡ. ತೊಳೆದ ಮೇಲೆ ಮೊದಲ 10–20 ಹೊಡೆತ ಬೇರೆ ಕಡೆ ಬೀಳುತ್ತವೆ, ಗಾಬರಿ ಬೇಡ. ಒಳಗೆ ಸೀಸದ ತೆಳು ಪದರ ಮತ್ತೆ ಕೂತ ಮೇಲೆ ಸರಿ ಹೋಗುತ್ತದೆ. ಇದೇ ಕಾರಣಕ್ಕೆ ಸ್ಪರ್ಧೆಯ ಹಿಂದಿನ ರಾತ್ರಿ ಬ್ಯಾರೆಲ್ ತೊಳೆಯಬೇಡಿ.

ಈಗ ನನಗೆ ತುಂಬಾ ಇಷ್ಟವಾದ ಪರೀಕ್ಷೆ. ಒಂದು ಪೆಲೆಟ್ ಅನ್ನು ರೈಫಲ್‌ನ ಲೋಡಿಂಗ್ ಕಡ್ಡಿಯಿಂದಲೇ, ಅಂದರೆ ಬ್ರೀಚ್ ಮುಚ್ಚುವಾಗ ಪೆಲೆಟ್ ಅನ್ನು ಬ್ಯಾರೆಲ್‌ಗೆ ತಳ್ಳುವ ಕಡ್ಡಿಯಿಂದಲೇ, ಎಂದಿನಂತೆ ಕೂರಿಸಿ. ಬ್ರೀಚ್ ತೆರೆದು, ನಿಮ್ಮ ಕಡ್ಡಿಯಲ್ಲಿ ನಿಧಾನವಾಗಿ ತಳ್ಳಿ ಬಾಯಿಂದ ಹೊರಗೆ ಬಟ್ಟೆಯ ಮೇಲೆ ಬೀಳಿಸಿ. ಹೊಡೆದ ಪೆಲೆಟ್ ಚಪ್ಪಟೆಯಾಗಿಬಿಡುತ್ತದೆ, ಅದು ಏನೂ ಹೇಳುವುದಿಲ್ಲ. ತಳ್ಳಿದ ಪೆಲೆಟ್ ಎಲ್ಲ ಹೇಳುತ್ತದೆ. ಭೂತಗನ್ನಡಿಯಲ್ಲಿ ಅದರ ತಲೆಯನ್ನು ತಿರುಗಿಸುತ್ತಾ ನೋಡಿ. ಬ್ಯಾರೆಲ್‌ನ ಒಳಗೆರೆಗಳು ಸಣ್ಣ ಸಣ್ಣ ಗೀರಾಗಿ ತಲೆಯ ಸುತ್ತ ಮೂಡಿರುತ್ತವೆ, ಚಕ್ಕುಲಿ ಒರಳಿನ ಬಿಲ್ಲೆಯ ಹಲ್ಲಿನ ಹಾಗೆ. ಸುತ್ತಲೂ ಒಂದೇ ಆಳ ಇದ್ದರೆ ಪೆಲೆಟ್ ನೆಟ್ಟಗೆ ಹೋಗಿದೆ. ಒಂದು ಕಡೆ ಆಳ, ಎದುರು ಕಡೆ ಮಸುಕು ಇದ್ದರೆ ಓರೆಯಾಗಿ ಹೋಗಿದೆ. ತಲೆಯ ಮೇಲೆ ಗೀರೇ ಇಲ್ಲದೆ ಬರೀ ಸ್ಕರ್ಟ್ ಮೇಲೆ ಇದ್ದರೆ ತಲೆ ಸಣ್ಣದಾಯಿತು, ನಿಮ್ಮ ಬ್ಯಾರೆಲ್‌ಗೆ ಆ ಸೈಜ್ ಸಾಲದು. ಸ್ಕರ್ಟ್ ಅಂದರೆ ಪೆಲೆಟ್‌ನ ಹಿಂಭಾಗದ ಟೊಳ್ಳಾದ ಲಂಗ.

ಐದು ಪೆಲೆಟ್ ಹೀಗೆ ತಳ್ಳಿ. ಐದರಲ್ಲೂ ಓರೆ ಬಂದರೆ ಲೋಡಿಂಗ್ ಕಡ್ಡಿ ಬಾಗಿದೆ ಅಥವಾ ಸವೆದಿದೆ. ಒಂದೆರಡರಲ್ಲಿ ಮಾತ್ರ ಬಂದರೆ ಪೆಲೆಟ್‌ನದ್ದು, ಇಲ್ಲವೇ ನೀವು ಇಡುವ ರೀತಿಯದ್ದು. ಅವಸರದಲ್ಲಿ ಪೆಲೆಟ್ ಅನ್ನು ಓರೆಯಾಗಿ ಬಿಟ್ಟು ಬ್ರೀಚ್ ಮುಚ್ಚುವ ಅಭ್ಯಾಸ ಹೊಸಬರಲ್ಲಿ ತುಂಬಾ ಇದೆ. ಬೆರಳಲ್ಲಿ ನೆಟ್ಟಗೆ ಕೂರಿಸಿ, ಅರ್ಧ ಸೆಕೆಂಡ್ ನೋಡಿ, ಆಮೇಲೆ ಮುಚ್ಚಿ. ಸರಿಯಾದ ಪೆಲೆಟ್ ಕೈಯಳತೆಯ ಒತ್ತಡಕ್ಕೆ ಜಗ್ಗುತ್ತಾ ಒಂದೇ ಸಮ ಸಾಗುತ್ತದೆ. ನಡುವೆ ಎಲ್ಲಾದರೂ ಪಕ್ಕನೆ ಸಡಿಲವಾಗಿ ಜಾರಿದರೆ ಅಥವಾ ತಡೆದರೆ ಆ ಜಾಗ ಗುರುತು ಹಾಕಿಕೊಳ್ಳಿ, ಗನ್‌ಸ್ಮಿತ್‌ಗೆ, ಅಂದರೆ ಬಂದೂಕು ರಿಪೇರಿ ಮಾಡುವವರಿಗೆ, ತೋರಿಸಬೇಕಾಗುತ್ತದೆ.

ಹಂತ 5: ಪೆಲೆಟ್ ಆರಿಸುವುದು, ಅಕ್ಕಿ ಆರಿಸಿದ ಹಾಗೆ

ಬಿಳಿ ಕಾಗದದ ಮೇಲೆ 50 ಪೆಲೆಟ್ ಸುರಿಯದೆ, ಮೆಲ್ಲಗೆ ಹರಡಿ. ಸ್ಕರ್ಟ್ ಮೇಲೆ ಬರುವಂತೆ ನಿಲ್ಲಿಸಿ, ಮೇಲಿನಿಂದ ನೋಡಿ. ಬಾಯಿ ದುಂಡಗಿರಬೇಕು. ಮೊಟ್ಟೆಯಾಕಾರ, ಕಚ್ಚಿದಂಥ ಗುರುತು, ಒಳಗೆ ಸೀಸದ ತುಣುಕು ಕಂಡರೆ ಪಕ್ಕಕ್ಕೆ.

ಆಮೇಲೆ ಗಾಜು. ಗಾಜಿನ ಒಂದು ಬದಿಗೆ ಎರಡು ಪೋಸ್ಟ್‌ಕಾರ್ಡ್ ಇಟ್ಟು ಒಂಚೂರು ಇಳಿಜಾರು ಮಾಡಿ. ಪೆಲೆಟ್ ಮಲಗಿಸಿ ಉರುಳಲು ಬಿಡಿ. ತಲೆ ಮತ್ತು ಸ್ಕರ್ಟ್ ದಪ್ಪದಲ್ಲಿ ಬೇರೆ ಇರುವುದರಿಂದ ಅದು ನೇರ ಉರುಳುವುದಿಲ್ಲ, ಬಿಲ್ಲಿನ ಹಾಗೆ ಬಾಗಿ ಹೋಗುತ್ತದೆ. ಅದು ತಪ್ಪಲ್ಲ. ಎಲ್ಲವೂ ಒಂದೇ ಬಿಲ್ಲಿನಲ್ಲಿ ಹೋಗುತ್ತಿವೆಯಾ ಅನ್ನುವುದು ಮುಖ್ಯ. ಕುಂಟುತ್ತಾ, ನಿಂತು ನಿಂತು ಉರುಳಿದ್ದು ‘ಸೆಂಟರ್ ಔಟ್’. ಬೇರೆಯವಕ್ಕಿಂತ ತೀರ ಬೇರೆ ದಾರಿ ಹಿಡಿದದ್ದು ಅಳತೆಯಲ್ಲಿ ಬೇರೆ. ಇವನ್ನೆಲ್ಲ ಎಸೆಯಬೇಡಿ, ನಿಂತುಕೊಳ್ಳುವ ಅಭ್ಯಾಸಕ್ಕೆ, ಟ್ರಿಗರ್ ಅಭ್ಯಾಸಕ್ಕೆ ಬಳಸಿ.

ಕ್ಯಾಲಿಪರ್‌ನಿಂದ ಪೆಲೆಟ್ ತಲೆಯನ್ನು ಅಳೆಯಲು ಹೋಗಬೇಡಿ. ಸೀಸ ಮೆತ್ತಗಿರುತ್ತದೆ. ಅಳೆಯುವಾಗಲೇ ಒತ್ತಿ ಹಾಳು ಮಾಡುತ್ತೀರಿ.

ಸೀಸದ ಬಗ್ಗೆ ಇಲ್ಲೇ ಹೇಳುತ್ತೇನೆ. ಅದು ವಿಷ, ಮಕ್ಕಳಿಗೆ ಇನ್ನೂ ಕೆಟ್ಟದ್ದು. ಪೆಲೆಟ್ ಅನ್ನು ತುಟಿಯಲ್ಲಿ ಹಿಡಿಯುವ ಚಾಳಿ ಬಿಡಿಸಿ. ಈ ಕೆಲಸ ಅಡುಗೆಮನೆಯ ಮೇಜಿನ ಮೇಲೆ ಬೇಡ, ಪಕ್ಕದಲ್ಲಿ ತಿಂಡಿ ತಟ್ಟೆ ಬೇಡ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಟಾರ್ಗೆಟ್ ಹಿಂದಿನ ಪುಡಿಯನ್ನು ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಹಂತ 6: ತಲೆ ಸೈಜ್ ಮತ್ತು ಬ್ಯಾಚ್

ಮ್ಯಾಚ್ ಪೆಲೆಟ್ ಡಬ್ಬಿಯ ಮೇಲೆ 4.49, 4.50, 4.51 ಅಂತ ಬರೆದಿರುತ್ತದೆ. ಅದು ತಲೆಯ ದಪ್ಪ. ‘ಯಾವುದು ಬೆಸ್ಟ್?’ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಯಾರ ಹತ್ತಿರವೂ ಇಲ್ಲ. ನಿಮ್ಮ ಬ್ಯಾರೆಲ್ ಹತ್ತಿರ ಮಾತ್ರ ಇದೆ. ಆರ್‌ಡಬ್ಲ್ಯುಎಸ್, ಎಚ್ ಅಂಡ್ ಎನ್, ಜೆಎಸ್‌ಬಿ ಎಲ್ಲವೂ ಒಳ್ಳೆಯ ಪೆಲೆಟ್ ಮಾಡುತ್ತವೆ. ಒಂದೇ ಮಾಡೆಲ್‌ನ ಎರಡು ರೈಫಲ್ ಅಕ್ಕಪಕ್ಕ ಇದ್ದರೂ ಒಂದಕ್ಕೆ 4.49 ಒಪ್ಪುತ್ತದೆ, ಇನ್ನೊಂದಕ್ಕೆ 4.51. ಗೆಳೆಯ ಗೆದ್ದ ಅಂತ ಅವನ ಸೈಜ್‌ನ ಹತ್ತು ಡಬ್ಬಿ ಕೊಳ್ಳಬೇಡಿ.

ಮೂರ್ನಾಲ್ಕು ಸೈಜ್‌ನ ಪೆಲೆಟ್‌ಗಳನ್ನು ತಲಾ 40ರಂತೆ ಕೂಡಿಸಿಕೊಳ್ಳಿ. ಒಂದೇ ಕ್ಲಬ್‌ನ ನಾಲ್ಕು ಜನ ಸೇರಿ ಒಂದೊಂದು ಡಬ್ಬಿ ತಂದು ಹಂಚಿಕೊಂಡರೆ ಖರ್ಚು ಕಡಿಮೆ. ಪ್ರತಿ ಸೈಜ್ ಶುರು ಮಾಡುವಾಗ 10 ಸುಮ್ನೆ ಹೊಡೆದು ಬ್ಯಾರೆಲ್‌ಗೆ ಒಗ್ಗಿಸಿ. ಆಮೇಲೆ 10 ಹೊಡೆತದ ಮೂರು ಗ್ರೂಪ್. ಹಂತ 2ರಂತೆ ಅಳೆದು ಸರಾಸರಿ ಬರೆಯಿರಿ. 10 ಹೊಡೆತದ ಗ್ರೂಪ್ ಒಂಟಿ ತೂತಿಗಿಂತ ಚೂರೇ ದೊಡ್ಡದಿದ್ದರೆ ಒಳ್ಳೆಯ ಜೋಡಿ ಸಿಕ್ಕಿತು ಅಂತ ಲೆಕ್ಕ. ಚದುರು 2.5 ಮಿ.ಮೀ. ದಾಟುತ್ತಲೇ ಇದ್ದರೆ ನಾನಾದರೆ ಬೇರೆ ಸೈಜ್ ನೋಡುತ್ತೇನೆ.

ಐದೇ ಹೊಡೆತ ಹೊಡೆದು ತೀರ್ಮಾನಕ್ಕೆ ಬರಬೇಡಿ. ಐದರ ಗ್ರೂಪ್ ಅದೃಷ್ಟಕ್ಕೆ ಚೆನ್ನಾಗಿ ಬಂದುಬಿಡುತ್ತದೆ. ಎರಡು ಸೈಜ್‌ನ ಸರಾಸರಿ ನಡುವೆ ವ್ಯತ್ಯಾಸ ಚೂರೇ ಇದ್ದರೆ ಎರಡೂ ಒಂದೇ ಅಂತ ತಿಳಿದು, ಸುಲಭವಾಗಿ ಸಿಗುವುದನ್ನು ತಗೊಳ್ಳಿ.

ಬ್ಯಾಚ್ ಅಂದರೆ ಒಂದೇ ಅಚ್ಚಿನಿಂದ ಒಂದೇ ಸಲಕ್ಕೆ ಬಂದ ಮಾಲು. ಡಬ್ಬಿಯ ಹಿಂದೆ ಸ್ಟಿಕರ್‌ನಲ್ಲಿ ನಂಬರ್ ಇರುತ್ತದೆ. ಹೆಸರು, ಸೈಜ್ ಒಂದೇ ಇದ್ದು ಬ್ಯಾಚ್ ಬೇರೆಯಾದರೆ ಅದು ಬೇರೆ ಪೆಲೆಟ್ ಅಂತಲೇ ತಿಳಿಯಿರಿ.

ಹಂತ 7: ತೂಕ

ಇದಕ್ಕೆ ಜನ ಕೊಡುವಷ್ಟು ಸಮಯ ಕೊಡಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ರೈಫಲ್ ಮ್ಯಾಚ್ ಪೆಲೆಟ್ ಸುಮಾರು 0.53 ಗ್ರಾಂ. ಮೈಸೂರಿನ ಅಶೋಕ ರಸ್ತೆಯ ಚಿನ್ನದಂಗಡಿಗಳಲ್ಲಿ ಇರುವಂಥ ಮಿಲಿಗ್ರಾಂ ತೋರಿಸುವ ತಕ್ಕಡಿ ಇದ್ದರೆ ತೂಗಬಹುದು. ಆದರೆ ಹಂತ 3ರ ಲೆಕ್ಕ ಇಲ್ಲಿ ಹಾಕಿ ನೋಡಿ. ಎರಡು ಪೆಲೆಟ್ ನಡುವೆ ನೂರಕ್ಕೆ ಒಂದು ಪಾಲು, ಅಂದರೆ 5 ಮಿಲಿಗ್ರಾಂ ವ್ಯತ್ಯಾಸ ಇದ್ದರೆ ವೇಗ ನೂರಕ್ಕೆ ಅರ್ಧ ಪಾಲು ಬದಲಾಗುತ್ತದೆ. ಇಳಿತದಲ್ಲಿ ಬರುವ ವ್ಯತ್ಯಾಸ 0.2 ಮಿ.ಮೀ. ಒಳಗೇ. ಒಂದು ದಶಮಾಂಶವೂ ಇಲ್ಲ. ನಜ್ಜಾದ ಸ್ಕರ್ಟ್ ಅದಕ್ಕಿಂತ ಎಷ್ಟೋ ಜಾಸ್ತಿ ಕೆಡಿಸುತ್ತದೆ. ರಾಜ್ಯಮಟ್ಟದ ಸ್ಪರ್ಧೆಗೆ 80 ಪೆಲೆಟ್ ತೂಗಿ, ತೀರ ಹಗುರ, ತೀರ ಭಾರದ್ದನ್ನು ತೆಗೆದಿಡಿ, ಸಾಕು. ದಿನದ ಅಭ್ಯಾಸದ ಪೆಲೆಟ್ ತೂಗುತ್ತಾ ಕೂರುವ ಒಂದು ಗಂಟೆಯಲ್ಲಿ ಮಗು 40 ಹೊಡೆತ ಅಭ್ಯಾಸ ಮಾಡಬಹುದು.

ಹಂತ 8: ಕಾಪಾಡುವುದು

ಇಷ್ಟೆಲ್ಲ ಆರಿಸಿದ ಪೆಲೆಟ್ ದಾರಿಯಲ್ಲಿ ಹಾಳಾಗುವುದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಡಬ್ಬಿ ತೆರೆದ ತಕ್ಷಣ ಮೇಲಿನ ಸ್ಪಂಜಿನ ಬಿಲ್ಲೆಯನ್ನು ಎಸೆದುಬಿಡುತ್ತಾರೆ. ಅರ್ಧ ಖಾಲಿಯಾದ ಡಬ್ಬಿ ಬ್ಯಾಗಿನಲ್ಲಿ, ಬ್ಯಾಗ್ ಬಸ್ಸಿನ ಹಿಂದಿನ ಸೀಟಿನಲ್ಲಿ. ಮಂಡ್ಯದಿಂದ ಮೈಸೂರಿಗೆ 45 ಕಿಲೋಮೀಟರ್ ಗಲಗಲ ಅಂತ ಕುಲುಕಾಡಿ, ಸ್ಕರ್ಟ್‌ಗಳು ಒಂದಕ್ಕೊಂದು ಬಡಿದು ನಜ್ಜಾಗುತ್ತವೆ. ಆ ಸ್ಪಂಜ್ ಉಳಿಸಿಕೊಳ್ಳಿ, ಖಾಲಿಯಾದಷ್ಟೂ ಮೇಲೆ ಹತ್ತಿ ತುಂಬಿ. ಅಲುಗಾಡಿಸಿದರೆ ಸದ್ದು ಬರಬಾರದು. ಸ್ಪರ್ಧೆಗೆ ತೂತುಗಳಿರುವ ಫೋಮ್ ಪೆಟ್ಟಿಗೆ ಇನ್ನೂ ಒಳ್ಳೆಯದು, ಒಂದೊಂದು ಪೆಲೆಟ್‌ಗೂ ಅದರದ್ದೇ ಮನೆ.

ಮನೆಯಲ್ಲಿ ಚೆಂದದ ಬೀಟೆ ಮರದ ಪೆಟ್ಟಿಗೆ ಇದೆ ಅಂತ ಪೆಲೆಟ್ ಅದರಲ್ಲಿ ಇಡಬೇಡಿ. ಮರದಿಂದ ಹೊರಬರುವ ಆಮ್ಲದ ಆವಿಗೆ ಸೀಸ ಬಿಳಿ ಪುಡಿಗಟ್ಟುತ್ತದೆ. ತಗಡಿನ ಡಬ್ಬಿಯಲ್ಲೇ ಇಟ್ಟು, ಒಳಗೊಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಬಿಳಿ ಪುಡಿ ಕಂಡ ಪೆಲೆಟ್ ಅನ್ನು ತಿಕ್ಕಿ ಬಳಸಬೇಡಿ, ಆ ಪುಡಿಯೂ ವಿಷವೇ.

ಕೊನೆಗೆ, ಡಬ್ಬಿಯ ಮುಚ್ಚಳದ ಮೇಲೆ ಮಾರ್ಕರ್‌ನಿಂದ ನಾಲ್ಕು ವಿಷಯ ಬರೆಯಿರಿ: ಬ್ಯಾಚ್ ನಂಬರ್, ತಲೆ ಸೈಜ್, ಪರೀಕ್ಷೆ ಮಾಡಿದ ತಾರೀಕು, ಮೂರು ಗ್ರೂಪಿನ ಸರಾಸರಿ. ಒಪ್ಪಿದ ಬ್ಯಾಚ್ ಸಿಕ್ಕಿದರೆ ದಸರಾ ಸೀಸನ್‌ಗೆ ಬೇಕಾಗುವಷ್ಟನ್ನು ಒಟ್ಟಿಗೇ ತರಿಸಿ. ಕೊನೆಯ ಡಬ್ಬಿ ತೆರೆಯುವ ದಿನವೇ ಮುಂದಿನ ಬ್ಯಾಚ್‌ನಿಂದ 40 ಪೆಲೆಟ್ ತಂದು ಹಂತ 6 ಮತ್ತೆ ಮಾಡಿ. ಆಗ ಕೈಯಲ್ಲಿ ಇನ್ನೂ 500 ಹೊಡೆತ ಇರುತ್ತದೆ.